ಉಣ್ಣಲಿಲ್ಲ ಎಂದ ಮಾತ್ರಕ್ಕೆ

ಮಕ್ಕಳನ್ನು ಕ್ಲಾಸಿನೊಳಗೆ ಬುಗುರಿಯ ಹಾಗೆ ತಿರುಗಿಸುವ ಟೀಚರ್ ಎಂದು ಹೊರಕೆರೆದೇವಪುರದ ಆಚೀಚೆ ನನಗೊಂದು ಹೆಸರಿತ್ತು. ಅದು ಒಳ್ಳೆಯ ಹೆಸರೋ ಕೆಟ್ಟ ಹೆಸರೋ ಎಂಬುದನ್ನು ಹೇಳುವವರ ಮುಖ ನೋಡಿಯೇ ತಿಳಿದುಕೊಳ್ಳಬೇಕಿತ್ತು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಹೊಳಲ್ಕೆರೆಯ ನಮ್ಮ ಮನೆಯಿಂದ ಬೆಳಗಿನ ಬಸ್ಸು ಹತ್ತಿ ಆ ಕಡೆಯ ಒಂದು ಹಳ್ಳಿಯ ಮಿಡ್ಲ್ ಸ್ಕೂಲಿಗೆ ಹೋಗಿ ಏಳನೇ ತರಗತಿಗೆ ಗಣಿತ ಹೇಳುತ್ತಿದ್ದೆ. ಆ ಕೆಲಸವೆಂದರೆ ನನಗೆ ಪ್ರಾಣ. ಬೇರೆಯವರಿಗೆ ಶನಿವಾರ ಮಧ್ಯಾಹ್ನ ಖುಷಿಯಾದರೆ ನನಗೆ ಸೋಮವಾರ ಬೆಳಗ್ಗೆ ಖುಷಿ. ಇದನ್ನು ಮನೆಯಲ್ಲಿ ಹೇಳಿದಾಗ ಅವ್ವ ಉಪ್ಪು ಮೆಣಸಿನಕಾಯಿ ಹಿಡಿದು ನನ್ನ ದೃಷ್ಟಿ ತೆಗೆಯಲು ಬಂದಿದ್ದಳು.

ಮಕ್ಕಳನ್ನು ಸುಮ್ಮಸುಮ್ಮನೆ ತಿರುಗಿಸುತ್ತಿರಲಿಲ್ಲ ನೋಡಿ. ಒಂದು ಟೆಸ್ಟಿನಲ್ಲಿ ಚೌಕ ಎಂದರೇನು ಎಂದು ಕೇಳಿದ್ದೆ. ಕ್ಲಾಸಿಗೆ ಕ್ಲಾಸೇ ‘ನಾಲ್ಕು ಬಾಹುಗಳು ಸಮ ಇದ್ದರೆ ಅದು ಚೌಕ’ ಎಂದು ಬರೆದಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಸಿಟ್ಟು ಹಾಲು ಉಕ್ಕಿದ ಹಾಗೆ. ಉಕ್ಕುತ್ತದೆ, ಒಲೆಯನ್ನೆಲ್ಲ ರಾಡಿ ಮಾಡುತ್ತದೆ, ಆಮೇಲೆ ತಾನೇ ಇಳಿಯುತ್ತದೆ. ನಾಲ್ಕು ಪೊರಕೆಕಡ್ಡಿಗಳನ್ನು ಒಂದೇ ಅಳತೆಗೆ ಮುರಿದು, ಮೂಲೆಗಳಿಗೆ ದಾರ ಕಟ್ಟಿ, ಚೌಕ ಮಾಡಿ ಎತ್ತಿ ಹಿಡಿದೆ. ಎದುರುಬದುರಿನ ಎರಡು ಮೂಲೆಗಳನ್ನು ಹಿಡಿದು ಎಳೆದೆ. ಚೌಕ ವಾಲಿಕೊಂಡು ಗಾಳಿಪಟದ ಆಕಾರಕ್ಕೆ ಬಂತು.

“ನಾಕೂ ಕಡ್ಡಿ ಸಮ ಅವೆ. ಇದು ಚೌಕಾನೇನ್ರೋ?”

“ಇಲ್ಲ ಟೀಚರ್, ಸೊಟ್ಟಗೈತೆ.”

“ಮತ್ಯಾಕ್ರೋ ಹಂಗೆ ಬರೆದ್ರಿ?”

ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು. ಎರಡು ಜಡೆ, ಬಾಯಿ ಮಾತ್ರ ಊರಗಲ. ಊರಿನ ಯಾವ ಮನೆಯಲ್ಲಿ ಏನು ಬೇಯುತ್ತಿದೆ ಎಂಬುದೆಲ್ಲ ಅವಳಿಗೆ ಗೊತ್ತಿರುತ್ತಿತ್ತು. “ಚೌಕ ಆದ್ರೆ ನಾಕೂ ಸಮ ಇರ್ತಾವೆ ಅಂತ ನೀವೇ ಹೇಳಿದ್ರಿ ಟೀಚರ್. ನಾವು ಅದನ್ನೇ ತಿರುವಿ ಹಾಕಿದ್ವಿ ಅಷ್ಟೇಯ” ಎಂದಳು.

ತಿರುವಿ ಹಾಕಿದರಂತೆ! ನಾನು ನಕ್ಕೆ. ಆಮೇಲೆ ರಾತ್ರಿಯೆಲ್ಲ ಅದನ್ನೇ ಯೋಚಿಸಿದೆ. ದೊಡ್ಡವರೂ ದಿನಾ ಇದನ್ನೇ ಮಾಡುತ್ತಾರಲ್ಲ! ‘ಇದಾದರೆ ಅದು’ ಎಂದರೆ ಸಾಕು, ‘ಅದಾದರೆ ಇದು’ ಎಂದು ಹೊಡೆದುಬಿಡುತ್ತಾರೆ. ಪುಸ್ತಕದಲ್ಲಿ ಈ ವಿಚಾರಕ್ಕೆ ಗಟ್ಟಿ ಗಟ್ಟಿ ಹೆಸರುಗಳಿದ್ದವು. ಅವನ್ನು ಹೇಳಿದರೆ ನನ್ನ ಮಕ್ಕಳು ಆಕಳಿಸುತ್ತಿದ್ದರು. ಹಾಗಾಗಿ ಮರುದಿನ ನಾನೇ ಒಂದು ಆಟ ಕಟ್ಟಿದೆ.

ಆಟ ಇಷ್ಟೇ. ಒಂದು ಮಾತಿನ ಎರಡು ತುದಿಗಳನ್ನು ಅದಲುಬದಲು ಮಾಡಿದರೆ ನಿಂತಲ್ಲೇ ಒಂದು ಸುತ್ತು ತಿರುಗಬೇಕು. ಎರಡೂ ತುದಿಗೆ ‘ಇಲ್ಲ’ ಸೇರಿಸಿದರೆ ತಲೆ ಅಲ್ಲಾಡಿಸಬೇಕು. ಬರೀ ತಿರುಗಿದರೆ ಮಾತು ಕೆಡಬಹುದು. ಬರೀ ತಲೆ ಅಲ್ಲಾಡಿಸಿದರೂ ಕೆಡಬಹುದು. ತಲೆ ಅಲ್ಲಾಡಿಸುತ್ತಾ ತಿರುಗಿದರೆ ಮಾತ್ರ ಮಾತು ಹೊಸ ಅಂಗಿ ತೊಟ್ಟು ಮತ್ತೆ ಅದೇ ಮಾತಾಗಿ ಬಂದು ನಿಲ್ಲುತ್ತದೆ. ‘ಹತ್ತರಿಂದ ಭಾಗವಾದರೆ ಐದರಿಂದಲೂ ಭಾಗವಾಗುತ್ತದೆ.’ ಬರೀ ತಿರುಗಿ: ‘ಐದರಿಂದ ಭಾಗವಾದರೆ ಹತ್ತರಿಂದಲೂ ಭಾಗವಾಗುತ್ತದೆ.’ ಸುಳ್ಳು, ಹದಿನೈದು ಎದುರಿಗೇ ಕೂತಿದೆ. ಬರೀ ತಲೆ ಅಲ್ಲಾಡಿಸಿ: ‘ಹತ್ತರಿಂದ ಭಾಗವಾಗದಿದ್ದರೆ ಐದರಿಂದಲೂ ಆಗುವುದಿಲ್ಲ.’ ಅದೂ ಸುಳ್ಳು, ಅದೇ ಹದಿನೈದು ಹಲ್ಲು ಕಿರಿಯುತ್ತದೆ. ತಲೆ ಅಲ್ಲಾಡಿಸುತ್ತಾ ತಿರುಗಿ: ‘ಐದರಿಂದ ಭಾಗವಾಗದಿದ್ದರೆ ಹತ್ತರಿಂದಲೂ ಆಗುವುದಿಲ್ಲ.’ ನಿಜ. ಎಷ್ಟು ಸಲ ಹೇಳಿದರೂ ನಿಜ.

ಕ್ಲಾಸು ತಿರುಗಿದ್ದೇ ತಿರುಗಿದ್ದು. ಧೂಳು ಮಾಡಿನವರೆಗೂ ಎದ್ದಿತು. ಹೆಡ್‌ಮಾಸ್ತರು ಓಡಿ ಬಂದು, “ಏನ್ರೀ ಇದು, ದೇವ್ರು ಬಂದೈತಾ ಹುಡುಗ್ರ ಮೈಮೇಲೆ?” ಎಂದು ಕೇಳಿದರು. “ಇಲ್ಲ ಸಾರ್, ಗಣಿತ ಬಂದೈತೆ” ಎಂದೆ. ಪಾಪ, ಅವರು ಕರವಸ್ತ್ರದಲ್ಲಿ ಮೂಗು ಮುಚ್ಚಿಕೊಂಡು ಹೋದರು.

ಮಕ್ಕಳು ತಮ್ಮದೇ ಮಾತುಗಳನ್ನು ತರಲು ಶುರುಮಾಡಿದರು. ‘ಬೆಂಕಿ ಇಲ್ಲದಿದ್ದರೆ ಹೊಗೆ ಇಲ್ಲ’ ಎಂದು ಒಬ್ಬ ತಂದ. ತಲೆ ಅಲ್ಲಾಡಿಸಿ ತಿರುಗಿಸಿದೆವು. ‘ಹೊಗೆ ಇದ್ದರೆ ಬೆಂಕಿ ಇದೆ.’ ಇನ್ನೊಬ್ಬಳು ಗುಡ್ಡದ ಮೇಲೆ ಕರೆಂಟು ತೆಗೆಯಲು ನಿಲ್ಲಿಸಿದ್ದ ಗಾಳಿ ಫ್ಯಾನು ತಂದಳು. ‘ಫ್ಯಾನು ತಿರುಗಿದರೆ ಗಾಳಿ ಇದೆ’ ಎಂಬುದು ಸರಿ. ಆದರೆ ಗಾಳಿ ಇದ್ದರೂ ಫ್ಯಾನು ರಿಪೇರಿಗೆ ನಿಂತಿರಬಹುದು ಎಂದು ಅವಳೇ ಹೇಳಿದಳು. ಅವಳನ್ನು ಅಲ್ಲೇ ಎತ್ತಿ ಮುದ್ದಾಡಬೇಕು ಅನಿಸಿತ್ತು. ಆಗ ನಮ್ಮ ಎರಡು ಜಡೆಯವಳು ಎದ್ದಳು.

“ಟೀಚರ್, ಒಪ್ಪಿಗೆ ಆಗದಿದ್ರೆ ಉಣ್ಣಲ್ಲ.”

ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಹೆಣ್ಣು ನೋಡಲು ಬಂದವರು ಮಂಡಕ್ಕಿ ತಿನ್ನಬಹುದು, ಕಾಫಿ ಕುಡಿಯಬಹುದು. ಎಲೆ ಹಾಕಿ ಬಡಿಸಿದ ಅನ್ನವನ್ನು ಮಾತ್ರ ಸಂಬಂಧ ಒಪ್ಪಿಗೆಯಾಗದೆ ಮುಟ್ಟುವುದಿಲ್ಲ. ಬೋರ್ಡಿನ ಮೇಲೆ ಬರೆದೆ: ‘ಒಪ್ಪಿಗೆಯಾಗದಿದ್ದರೆ ಉಣ್ಣುವುದಿಲ್ಲ.’ ತಲೆ ಅಲ್ಲಾಡಿಸಿ ತಿರುಗಿದೆವು. ‘ಉಂಡರೆ ಒಪ್ಪಿಗೆಯಾಗಿದೆ.’ ಅದು ಸರಿ. ಬರೀ ತಿರುಗಿದರೆ ‘ಉಣ್ಣದಿದ್ದರೆ ಒಪ್ಪಿಗೆಯಿಲ್ಲ’ ಎಂದಾಗುತ್ತದೆ. ಅದು ತಪ್ಪು, ಹಾಗೆ ಹೇಳಲು ಬರುವುದಿಲ್ಲ ಎಂದು ಬೋರ್ಡಿಗೆ ಕೆಂಪು ಸೀಮೆಸುಣ್ಣದಲ್ಲಿ ದೊಡ್ಡ ಅಡ್ಡಗೆರೆ ಎಳೆದು ಮನೆಗೆ ಹೋದೆ.

ಅದೇ ಭಾನುವಾರ ನನ್ನನ್ನು ನೋಡಲು ಹಿರಿಯೂರಿನಿಂದ ಬರುವವರಿದ್ದರು.

ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಮಾತು ಕಡಿಮೆ. ಆಡಿದ ಮಾತನ್ನು ಕಡತಕ್ಕೆ ಹಾಕಿದ ಹಾಗೆ, ಮತ್ತೆ ತೆಗೆಯುವುದಿಲ್ಲ. ಅವರ ಕೈಯಲ್ಲಿ ಎರಡು ಸಂಬಂಧಗಳಿದ್ದವು. ಹೊಸದುರ್ಗದವರು ನನ್ನನ್ನು ಯಾವುದೋ ಮದುವೆಯಲ್ಲಿ ನೋಡಿ ಆಗಲೇ ಒಪ್ಪಿದ್ದರು. ಅನುಕೂಲಸ್ಥರು, ಒಳ್ಳೆಯ ಜನ. ಆದರೆ ಹುಡುಗಿ ಕೆಲಸ ಬಿಡಬೇಕು, ಮನೆಯ ಸೊಸೆ ಬಸ್ಸು ಹತ್ತಿ ಊರೂರು ತಿರುಗಬಾರದು ಎಂದಿದ್ದರು. ಇನ್ನೊಂದು ಈ ಹಿರಿಯೂರಿನದು, ಕೆಲಸ ಬಿಡಬೇಕೆಂಬ ಷರತ್ತು ಇವರು ಹಾಕಿರಲಿಲ್ಲ. ಹುಡುಗ ಪಂಪ್‌ಸೆಟ್ಟಿನ ಸುಟ್ಟ ಮೋಟರುಗಳಿಗೆ ತಂತಿ ಸುತ್ತಿಕೊಡುವ ಅಂಗಡಿ ಇಟ್ಟಿದ್ದರು. ಅಪ್ಪ ಹೇಳಿದ್ದು ಇಷ್ಟು: “ಹಿರಿಯೂರಿನೋರು ಒಪ್ಪದಿದ್ರೆ ಮುಂದಿನ ಭಾನುವಾರ ಹೊಸದುರ್ಗದೋರ ಕೂಡೆ ಎಲೆ-ಅಡಿಕೆ ಬದಲಾಯಿಸಿಬಿಡಾಣ.” ಅಂದರೆ ನನ್ನ ಏಳನೇ ತರಗತಿ ಇರುವುದೋ ಹೋಗುವುದೋ ಎಂಬುದು ಹಿರಿಯೂರಿನವರ ಒಂದು ಊಟದ ಮೇಲೆ ನಿಂತಿತ್ತು.

ಹನ್ನೊಂದಕ್ಕೆ ಬರುತ್ತೇವೆ ಎಂದಿದ್ದವರು ಮಧ್ಯಾಹ್ನ ಎರಡರ ಮೇಲೆ ಬಂದರು. ಹುಡುಗ, ಅವರ ತಾಯಿ, ಸೋದರಮಾವ. ತಂದೆ ಇಲ್ಲದ ಮನೆ, ಎಲ್ಲದಕ್ಕೂ ಸೋದರಮಾವನ ಮಾತೇ ಕೊನೆ. ಆ ಮಾವನವರದು ಗಿರಿಜಾ ಮೀಸೆ, ಇಸ್ತ್ರಿ ಮಾಡಿದ ಪಂಚೆ. ಮುಖ ಮಾತ್ರ ಬೇವಿನ ಕಷಾಯ ಕುಡಿದವರ ಹಾಗೆ. ನನ್ನ ಕಡೆ ಒಂದು ಸಲ ನೋಡಿ ಕಣ್ಣು ಮುಚ್ಚಿಕೊಂಡರು. ನನ್ನ ಮೂಗು ಅಷ್ಟು ಕೆಟ್ಟದಾಗಿದೆಯಾ ಎಂದು ಗಾಬರಿಯಾಯಿತು.

ಕಾಫಿ ಕೊಟ್ಟು ಚಾಪೆಯ ತುದಿಯಲ್ಲಿ ಕುಳಿತೆ. ಹುಡುಗ ಲೋಟ ಕೆಳಗಿಟ್ಟು, “ಈಗ ಯಾವ ಪಾಠ ನಡೀತಾ ಐತ್ರಿ?” ಎಂದು ಕೇಳಿದರು.

ಹೆಸರು ಕೇಳಲಿಲ್ಲ, ಅಡುಗೆ ಬರುತ್ತದಾ ಎಂದು ಕೇಳಲಿಲ್ಲ. ಪಾಠ ಕೇಳಿದರು! ತಲೆ ತಗ್ಗಿಸಿ ಕೂರು ಎಂದು ಅಜ್ಜಿ ಬೆಳಗಿನಿಂದ ಹೇಳಿದ್ದೆಲ್ಲ ಗಾಳಿಗೆ ಹೋಯಿತು. ಪೊರಕೆಕಡ್ಡಿಯ ಚೌಕದಿಂದ ಹಿಡಿದು ಗಾಳಿ ಫ್ಯಾನಿನವರೆಗೆ ಒಂದೇ ಉಸಿರಿಗೆ ಹೇಳಿದೆ. ಹೇಳಿದ್ದು ಸಾಲದು ಎಂದು ಪ್ರಶ್ನೆ ಬೇರೆ ಕೇಳಿದೆ. “ಈಗ ನಿಮ್ಮದೇ ಕೆಲಸ ತಗಳ್ರಿ. ಮೋಟ್ರು ಸುಟ್ಟಿದ್ರೆ ನೀರು ಬರಲ್ಲ. ಸರಿನಾ? ನೀರು ಬರ್ತಿಲ್ಲ ಅಂದ್ರೆ ಮೋಟ್ರು ಸುಟ್ಟೈತೆ ಅಂತ ಹೇಳಾಕಾಗುತ್ತಾ?”

ಅವರು ಒಂದು ಕ್ಷಣ ಯೋಚಿಸಿ ಜೋರಾಗಿ ನಕ್ಕುಬಿಟ್ಟರು. “ಅಯ್ಯೋ, ಎಷ್ಟೊಂದು ಜನ ಹಂಗಂದ್ಕಂಡೇ ಮೋಟ್ರು ಬಿಚ್ಚಿ ಗಾಡಿ ಮೇಲೆ ಹಾಕ್ಕಂಡು ಅಂಗಡಿಗೆ ಬರ್ತಾರ್ರಿ! ಮೋಟ್ರು ಚೆನ್ನಾಗೇ ಇರ್ತದೆ. ಊರಾಗೆ ಕರೆಂಟೇ ಇರಲ್ಲ!”

ಕರೆಂಟೇ ಇರಲ್ಲ ಎಂದರಲ್ಲ, ಅಲ್ಲಿಗೆ ನಾನು ಮುಗಿದೆ. ಬೇರೆ ಹುಡುಗಿಯರು ಯಾವ್ಯಾವುದಕ್ಕೋ ಮನಸೋಲುತ್ತಾರೆ. ನಾನು ಸೋತದ್ದು ಥಟ್ಟನೆ ಕೊಟ್ಟ ಒಂದು ಪ್ರತಿ-ಉದಾಹರಣೆಗೆ. ಬಾಗಿಲ ಹಿಂದಿನಿಂದ ಅಜ್ಜಿ ನನ್ನ ಬೆನ್ನಿಗೆ ಚಿವುಟಿದ್ದೂ ತಿಳಿಯಲಿಲ್ಲ.

ಅಷ್ಟರಲ್ಲಿ ಅಪ್ಪ ಎದ್ದು, “ಏಳ್ರಿ, ಕೈ ತೊಳ್ಕಳ್ರಿ, ಎಲೆ ಹಾಕೈತೆ” ಎಂದರು. ಮಾವನವರು ಕೂತಲ್ಲಿಂದಲೇ ಕೈ ಎತ್ತಿದರು. “ಬ್ಯಾಡ್ರಿ. ಊಟ ಗೀಟ ಏನೂ ಬ್ಯಾಡ. ಹೊರಡ್ತೀವಿ.” ಅಪ್ಪನ ಮುಖ ಚಿಕ್ಕದಾಯಿತು. ಮತ್ತೊಂದು ಮಾತಾಡಲಿಲ್ಲ. ಹುಡುಗ ಏನೋ ಹೇಳಲು ಬಾಯಿ ತೆರೆದರು. ಅವರ ತಾಯಿ ಕಣ್ಣಲ್ಲೇ ತಡೆದರು. ಮೂವರೂ ಚಪ್ಪಲಿ ಮೆಟ್ಟಿ ಹೋದರು.

ಅಡುಗೆಮನೆಯಲ್ಲಿ ಹೋಳಿಗೆ, ಸಾರು, ಕೋಸಂಬರಿ ಎಲ್ಲ ಹಾಗೇ ಕೂತಿದ್ದವು. “ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ” ಎಂದು ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಅಜ್ಜಿ ಗೋಡೆಗೊರಗಿ ತೀರ್ಪು ಕೊಟ್ಟಳು. “ಅನ್ನ ಮುಟ್ಲಿಲ್ಲ ಅಂದ್ಮೇಲೆ ಮುಗೀತು. ಒಪ್ಪಿಲ್ಲ. ಇವಳು ಹಂಗೆ ಲೊಟಲೊಟ ಅಂದ್ರೆ ಯಾರು ಒಪ್ತಾರೆ?”

“ಅಜ್ಜೀ, ಹಂಗೆ ಹೇಳಾಕೆ ಬರಲ್ಲ!” ಎಂದೆ. ಕಣ್ಣಲ್ಲಿ ನೀರು ತುಂಬಿಕೊಂಡಿದ್ದರೂ ಒಳಗಿನ ಟೀಚರು ಬಿಡಬೇಕಲ್ಲ. “ಒಪ್ಪದಿದ್ರೆ ಉಣ್ಣಲ್ಲ ಅನ್ನೋದು ಸರಿ. ಉಣ್ಣದಿದ್ರೆ ಒಪ್ಪಿಲ್ಲ ಅನ್ನೋದು ಅದನ್ನ ಬರೀ ತಿರುವಿದ್ದು. ತಪ್ಪು. ನೋಡು, ಹಿಂಗೆ” ಎಂದು ನಡುಮನೆಯಲ್ಲಿ, ಹೊಸ ಸೀರೆಯಲ್ಲಿ, ಒಂದು ಸುತ್ತು ತಿರುಗಿ ತೋರಿಸಿದೆ. ನೆರಿಗೆ ಕಾಲಿಗೆ ತೊಡರಿ ಕಂಬ ಹಿಡಿದು ನಿಂತೆ.

ಅಜ್ಜಿ ಅವ್ವನ ಕಡೆ ತಿರುಗಿ, “ಹುಚ್ಚು ಹಿಡೀತಾ ಹೆಂಗೆ?” ಎಂದಳು.

“ಅಪ್ಪಾ, ನೀವೇ ಒಂದ್ಸಲ ಹಿರಿಯೂರಿಗೆ ಹೋಗಿ ಕೇಳ್ರಿ” ಎಂದೆ.

“ಹೆಣ್ಣಿನ ಕಡೆಯೋರು ಮೇಲೆ ಬಿದ್ದು ಕೇಳ್ತಾರೇನವ್ವ?” ಎಂದರು ಅಪ್ಪ. “ನಿನ್ನ ಲೆಕ್ಕ ಶಾಲೆಯೊಳಗೆ ಇಟ್ಕ. ಹೊಸದುರ್ಗದೋರಿಗೆ ಬರಾಕೆ ಹೇಳ್ತೀನಿ.”

ಹೋಳಿಗೆಯನ್ನು ಬೀದಿಗೆಲ್ಲ ಹಂಚಿದೆವು. ನಾನೂ ತಿಂದೆ, ಅಳುತ್ತಾ ತಿಂದೆ. ಚೆನ್ನಾಗಿತ್ತು ಹಾಳಾದ್ದು.

ನಾನು ಹೇಳಿದ ತರ್ಕ ಸರಿ. ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೆ ಆ ತರ್ಕ ನನಗೆ ಏನು ಕೊಟ್ಟಿತು ಹೇಳಿ? ಒಪ್ಪಿಲ್ಲ ಎಂದು ಸಾಬೀತಾಗಿಲ್ಲ ಎಂದಷ್ಟೇ ಕೊಟ್ಟಿತು. ಒಪ್ಪಿದ್ದಾರೆ ಎಂದು ಎಲ್ಲಿ ಕೊಟ್ಟಿತು? ಗಣಿತವನ್ನು ಜೀವಕ್ಕಿಂತ ಹೆಚ್ಚು ನಂಬಿದವಳು ನಾನು. ಆ ರಾತ್ರಿ ಅದರ ಮೇಲೆ ಸಿಟ್ಟು ಬಂತು.

ಸೋಮವಾರ ಕ್ಲಾಸಿನಲ್ಲಿ ಒಂದು ಲೆಕ್ಕ ಕೊಟ್ಟೆ. ‘ಯಾವುದೋ ಒಂದು ಊರಿನ ಯಾವುದೋ ಒಂದು ಮನೆಗೆ ಹೆಣ್ಣು ನೋಡಲು ಬಂದರು. ಉಣ್ಣಲಿಲ್ಲ. ಒಪ್ಪಿಗೆ ಇದ್ದೂ ಉಣ್ಣದೆ ಹೋಗಲು ಏನೇನು ಕಾರಣಗಳಿರಬಹುದು?’ ಮಕ್ಕಳು ಕಾರಣಗಳ ಮಳೆ ಸುರಿಸಿದರು. ಉಪವಾಸ ಇದ್ದಿರಬಹುದು. ಸೂತಕ ಬಂದಿರಬಹುದು. ಹಲ್ಲುನೋವು. ಕೊನೆಯ ಬಸ್ಸು. ಸಾರಿನಲ್ಲಿ ಹಲ್ಲಿ. “ಸಾರಿನಾಗೆ ಹಲ್ಲಿ ಇರ್ಲಿಲ್ಲ!” ಎಂದು ನಾನು ಥಟ್ಟನೆ ಹೇಳಿಬಿಟ್ಟೆ. ಎರಡು ಜಡೆಯವಳು ಮೆಲ್ಲಗೆ ಎದ್ದು ನಿಂತಳು.

“ಟೀಚರ್, ಆ ಮನೆ ಹೊಳಲ್ಕೆರ್‍ಯಾಗೆ ಐತಾ?”

ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಾನು ಬೋರ್ಡಿನ ಕಡೆ ತಿರುಗಿಕೊಂಡೆ, ಬೆನ್ನು ಅಲುಗುತ್ತಿದ್ದುದು ಅವರಿಗೆ ಕಂಡೇ ಇರುತ್ತದೆ. ಅಂದಿನಿಂದ ಆ ಮಕ್ಕಳು ನನ್ನನ್ನು ನೋಡುವ ರೀತಿಯೇ ಬದಲಾಯಿತು. ಬೆಳಗ್ಗೆ ಬಸ್ಸಿಳಿದರೆ ನನ್ನ ಊಟದ ಡಬ್ಬಿ ಹೊತ್ತುಕೊಳ್ಳಲು ಪೈಪೋಟಿ. ಟೇಬಲ್ಲಿನ ಮೇಲೆ ದಿನಾ ಕನಕಾಂಬರದ ದಂಡೆ. ಮಂಗಳ, ಬುಧ, ಗುರು ಹೀಗೇ ಕಳೆದವು. ಭಾನುವಾರ ಹತ್ತಿರ ಬರುತ್ತಿತ್ತು. ಹೊಸದುರ್ಗದವರು ಬರುತ್ತೇವೆಂದು ತಿಳಿಸಿಯೂ ಆಗಿತ್ತು. ಈ ಮಕ್ಕಳಿಗೆ ವೃತ್ತದ ಪಾಠವನ್ನಾದರೂ ಮುಗಿಸಿ ಹೋಗುತ್ತೇನೋ ಇಲ್ಲವೋ ಎಂದು ಲೆಕ್ಕ ಹಾಕುತ್ತಾ ಬಸ್ಸಿನಲ್ಲಿ ಕೂರುತ್ತಿದ್ದೆ.

ಶುಕ್ರವಾರ ಮಧ್ಯಾಹ್ನದ ಮೊದಲ ಪೀರಿಯಡ್ಡು. ತ್ರಿಭುಜದ ಮೇಲೆ ಅದೇ ಆಟ ನಡೆಸುತ್ತಿದ್ದೆ. ಎರಡು ಬಾಹುಗಳು ಸಮವಾದರೆ ಎದುರಿನ ಕೋನಗಳೂ ಸಮ. ಈ ಮಾತು ವಿಚಿತ್ರ, ಬರೀ ತಿರುಗಿದರೂ ನಿಜವಾಗಿಯೇ ಉಳಿಯುತ್ತದೆ. ಆದರೆ ಅದನ್ನು ಬೇರೆಯಾಗಿ ಸಾಧಿಸಿ ತೋರಿಸಬೇಕು, ತಿರುಗಿದ ಮಾತ್ರಕ್ಕೆ ಬಿಟ್ಟಿ ಸಿಗುವುದಿಲ್ಲ ಎಂದು ಹೇಳುತ್ತಾ ನಾನೇ ತಿರುಗುತ್ತಿದ್ದೆ. ಅರ್ಧ ಸುತ್ತು ತಿರುಗಿದಾಗ ಬಾಗಿಲು ಎದುರಿಗೆ ಬಂತು. ಬಾಗಿಲಲ್ಲಿ ಹಿರಿಯೂರಿನ ಆ ಹುಡುಗ ನಿಂತಿದ್ದರು.

ಮೈಯೆಲ್ಲ ರಸ್ತೆಯ ಧೂಳು. ಹಿಂದೆ ಬೇವಿನಮರದ ಕೆಳಗೆ ಬೈಕು. ನನ್ನ ತಲೆಯೂ ತಿರುಗುತ್ತಿತ್ತು, ಶಾಲೆಯೂ ತಿರುಗುತ್ತಿತ್ತು, ಅವರೊಬ್ಬರು ಮಾತ್ರ ನಿಂತಲ್ಲೇ ನಿಂತಿದ್ದರು.

ಹೊರಗಿನ ಜಗುಲಿಗೆ ಬಂದೆ. “ಈ ಕಡೆ ಒಂದು ಪಂಪ್‌ಸೆಟ್ ನೋಡೋದಿತ್ತು” ಎಂದರು ಅವರು. ಆಮೇಲೆ ತಾವೇ, “ಇಲ್ಲ, ಸುಳ್ಳು. ಯಾವ ಪಂಪ್‌ಸೆಟ್ಟೂ ಇಲ್ಲ. ನಿಮ್ಮ ಕಡೆ ಒಪ್ಪಿಗೆ ಇಲ್ಲ ಅಂತ ಗೊತ್ತಾಯ್ತು. ಆದ್ರೂ ಒಂದ್ಮಾತು ಕೇಳ್ಕಂಡೇ ಹೋಗಾಣ ಅಂತ ಬಂದೆ” ಎಂದರು.

“ನಮ್ಮ ಕಡೆ ಒಪ್ಪಿಗೆ ಇಲ್ಲಾ? ಹಂಗಂತ ಯಾರಂದ್ರು?”

“ನಮ್ಮ ಮಾವ. ಹೆಣ್ಣಿನೋರಿಗೆ ಮನಸಿದ್ರೆ ಊಟಕ್ಕೆ ಬಲವಂತ ಮಾಡ್ತಾರೆ, ಕೈ ಹಿಡಿದು ಎಬ್ಬಿಸ್ತಾರೆ. ನಿಮ್ಮಪ್ಪ ಒಂದೇ ಸಲ ಅಂದು ಸುಮ್ಕಾದ್ರು. ಬಲವಂತ ಮಾಡ್ಲಿಲ್ಲ ಅಂದ್ರೆ ಮನಸಿಲ್ಲ ಅಂತ ಮಾವ ತೀರ್ಮಾನ ಮಾಡಿದ್ರು.”

ನಂಬಿದರೆ ನಂಬಿ, ಆ ಹೊತ್ತಿನಲ್ಲೂ ನನ್ನ ತಲೆ ಆ ಮಾತನ್ನು ಪರೀಕ್ಷೆ ಮಾಡಿತು. ಮನಸಿದ್ದರೆ ಬಲವಂತ. ಬಲವಂತವಿಲ್ಲದಿದ್ದರೆ ಮನಸಿಲ್ಲ. ತುದಿಗಳೂ ಬದಲಾಗಿವೆ, ‘ಇಲ್ಲ’ವೂ ಸೇರಿದೆ. ಮಾವನವರ ತರ್ಕದಲ್ಲಿ ಒಂದು ಗೆರೆ ತಪ್ಪಿಲ್ಲ! ನಮ್ಮಜ್ಜಿಗಿಂತ ಜಾಣರು. ಆದರೆ ಶುರುಮಾಡಿದ ಮಾತೇ ಸುಳ್ಳು. ಮನಸಿದ್ದೂ ಬಲವಂತ ಮಾಡದವರು ಜಗತ್ತಿನಲ್ಲಿದ್ದಾರೆ, ನಮ್ಮಪ್ಪನಂಥವರು.

“ನೀವ್ಯಾಕೆ ಉಣ್ಣಲಿಲ್ಲ ಮತ್ತೆ?” ಎಂದು ಕೇಳಿದೆ. ಧ್ವನಿಯಲ್ಲಿ ಸಿಟ್ಟೇ ಇತ್ತು.

ಅವರು ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದರು. “ಐಮಂಗಲದಾಗೆ ಬಸ್ಸು ಪಂಕ್ಚರ್ ಆಯ್ತು. ಗಂಟೆಗಟ್ಟಲೆ ನಿಂತ್ವಿ. ಮಾವ ಹಸಿವು ತಡೀಲಾರದೆ ಅಲ್ಲೇ ಹೋಟ್ಲಾಗೆ ಮಂಡಕ್ಕಿ ಮೆಣಸಿನಕಾಯಿ ತಿಂದ್ರು. ತಿಂದ್ರು ಅಂದ್ರೆ, ಬಾಣ್ಲೇನೇ ಖಾಲಿ ಮಾಡಿದ್ರು. ಚಿತ್ರದುರ್ಗ ದಾಟೋ ಹೊತ್ತಿಗೆ ಹೊಟ್ಟೇಲಿ ಯುದ್ಧ. ಇನ್ನೊಂದು ತುತ್ತು ಇಳಿದಿದ್ರೆ ನಿಮ್ಮ ನಡುಮನೇಲೇ ಮರ್ಯಾದೆ ಹೋಗ್ತಿತ್ತು. ಹೆಣ್ಣಿನೋರ ಮುಂದೆ ಅದನ್ನ ಹೆಂಗ್ರಿ ಹೇಳೋದು? ಅವರು ಏಳದಿದ್ರೆ ನಾವೆಂಗೆ ಎಲೆ ಮುಂದೆ ಕೂರೋದು?”

ನನ್ನ ಮೂಗಿನದಲ್ಲ ತಪ್ಪು, ಮೆಣಸಿನಕಾಯಿ ಬಜ್ಜಿಯದು! ನಾನು ಕಂಬ ಹಿಡಿದುಕೊಂಡು ನಕ್ಕೆ. ನಿಲ್ಲಿಸಲು ಹೋದಷ್ಟೂ ಉಕ್ಕಿ ಬಂತು. ಅವರೂ ನಕ್ಕರು. ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕು, ಕಣ್ಣೊರೆಸಿಕೊಂಡು, ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅವರು ಗಂಭೀರವಾದರು.

“ಈಗ ಹೇಳ್ರಿ. ನಿಮ್ಮಪ್ಪನ ಮಾತಲ್ಲ, ಮಾವನ ಮಾತಲ್ಲ. ನಿಮಗೆ ಒಪ್ಪಿಗೆ ಐತಾ?”

ನನ್ನ ನಗು ನಿಂತುಹೋಯಿತು. ಅಲ್ಲ, ನೀವೇ ನೋಡಿ. ಆ ಭಾನುವಾರದಿಂದ ಎರಡು ಮನೆಗಳು ಎಷ್ಟೊಂದು ತಲೆ ಕೆಡಿಸಿಕೊಂಡಿದ್ದವು. ಉಂಡರೆ ಏನು, ಉಣ್ಣದಿದ್ದರೆ ಏನು, ಬಲವಂತ ಮಾಡಿದರೆ ಏನು, ಮಾಡದಿದ್ದರೆ ಏನು. ಎಲೆಯ ಮುಂದೆ ಕೂರದವರ ಮೀಸೆಯನ್ನು, ಬಲವಂತ ಮಾಡದವರ ಮುಖವನ್ನು, ಎಲ್ಲವನ್ನೂ ಓದಿ ಅರ್ಥ ಹಚ್ಚಿದ್ದರು. ನನ್ನನ್ನು ಮಾತ್ರ ಯಾರೂ ಕೇಳಿರಲಿಲ್ಲ. ಅಪ್ಪ ಕೇಳಿರಲಿಲ್ಲ, ಅವ್ವ ಕೇಳಿರಲಿಲ್ಲ. ನನ್ನನ್ನು ಕೇಳಬಹುದು ಎಂಬುದು ನನಗೂ ಹೊಳೆದಿರಲಿಲ್ಲ.

“ನಾನು ಕೆಲಸ ಬಿಡಲ್ಲ” ಎಂದೆ.

“ಬಿಡ್ರಿ ಅಂತ ಯಾರಂದ್ರು? ಹಿರಿಯೂರಾಗೂ ಶಾಲೆ ಅವೆ. ವರ್ಗ ಆಗೋಗಂಟ ಇಲ್ಲೇ ಇರ್ರಿ.”

“ಐತೆ” ಎಂದೆ. ಅದು ನನಗೇ ಕೇಳಿಸಲಿಲ್ಲ.

“ಕೇಳಿಸ್ಲಿಲ್ಲ ಟೀಚರ್!”

ತಿರುಗಿ ನೋಡಿದರೆ ಕಿಟಕಿಯ ಸರಳುಗಳ ನಡುವೆ ಏಳನೇ ತರಗತಿಯ ಮುಖಗಳೆಲ್ಲ ತುರುಕಿಕೊಂಡಿದ್ದವು. ಎರಡು ಜಡೆ ಎಲ್ಲರಿಗಿಂತ ಮುಂದೆ.

“ಐತೆ ಕಣ್ರೇ! ಒಪ್ಪಿಗೆ ಐತೆ!” ಎಂದು ಕೂಗಿದೆ. ಇಡೀ ಶಾಲೆಗೆ ಕೇಳುವ ಹಾಗೆ ಕೂಗಿದೆ. ಕ್ಲಾಸಿನೊಳಗೆ ಹೋ ಎಂದು ಎದ್ದ ಗದ್ದಲಕ್ಕೆ ಬೇವಿನಮರದ ಕಾಗೆಗಳೆಲ್ಲ ಹಾರಿಹೋದವು. ಹೆಡ್‌ಮಾಸ್ತರು ತಮ್ಮ ರೂಮಿನ ಬಾಗಿಲು ತೆರೆದು ನೋಡಿದರು. ಏನನಿಸಿತೋ, ಮತ್ತೆ ಮುಚ್ಚಿಕೊಂಡರು.

ಅಂದು ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಿಂತೇ ಬಂದೆ, ಕೂರಲು ಆಗುತ್ತಿರಲಿಲ್ಲ. ಮನೆ ಮುಟ್ಟುವಾಗ ಇನ್ನೂ ಬಿಸಿಲಿತ್ತು. ಅಪ್ಪ ಕಚೇರಿಯಿಂದ ಬಂದು ಜಗುಲಿಯಲ್ಲಿ ಕೂತಿದ್ದರು. ಅವ್ವ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

“ಅಪ್ಪಾ, ನನಗೆ ಹಿರಿಯೂರಿನೋರು ಒಪ್ಪಿಗೆ” ಎಂದೆ. “ಅವರಿಗೂ ಒಪ್ಪಿಗೆಯಂತೆ. ಅವರೇ ಶಾಲೆಗೆ ಬಂದು ಹೇಳಿದ್ರು. ಹೊಸದುರ್ಗಕ್ಕೆ ನಾನು ಹೋಗಲ್ಲ. ಕೆಲಸ ಬಿಟ್ಟು ನಾನು ಬದುಕಲ್ಲ.” ಆಮೇಲೆ ಬಸ್ಸಿನ ಪಂಕ್ಚರು, ಬಜ್ಜಿ, ಮಾವನ ಹೊಟ್ಟೆ, ಎಲ್ಲವನ್ನೂ ಹೇಳಿದೆ.

ಅಪ್ಪ ಬಜ್ಜಿಯ ಮಾತಿಗೆ ನಗಲಿಲ್ಲ. ಎಷ್ಟೋ ಹೊತ್ತು ನನ್ನ ಮುಖ ನೋಡಿದರು. ಹಾಗೆ ಅವರು ನನ್ನನ್ನು ನೋಡಿದ್ದು ನನಗೆ ನೆನಪಿಲ್ಲ. “ನಾನು ನಿನ್ನ ಕೇಳ್ಲೇ ಇಲ್ಲ ಅಲ್ವೇನವ್ವ” ಎಂದರು. ಅವರ ಕಣ್ಣಂಚು ಒದ್ದೆಯಾಗಿತ್ತು. ನಾನು ಕೆಳಗೆ ಕೂತು ಅವರ ಪಾದ ಹಿಡಿದುಕೊಂಡೆ. ಅವರು ಮೆಲ್ಲಗೆ ಕಾಲು ಬಿಡಿಸಿಕೊಂಡು ಎದ್ದು, ಗೂಟದ ಮೇಲಿನ ಅಂಗಿ ತೆಗೆದು ತೊಟ್ಟುಕೊಂಡರು.

“ಎಲ್ಲಿಗೆ ಈಗ?” ಎಂದಳು ಅವ್ವ.

“ಹಿರಿಯೂರಿಗೆ. ಮೊದ್ಲು ಹೊಸದುರ್ಗದೋರಿಗೆ ಒಂದು ಫೋನ್ ಹಚ್ಚಿ, ಬರಬ್ಯಾಡ್ರಿ ಅಂತ ಕೈ ಮುಗಿದು ಹೇಳ್ತೀನಿ.”

ಅವ್ವನ ಮಡಿಲಿನ ಅವರೆಕಾಯಿ ಚೆಲ್ಲಿದವು. “ಅಯ್ಯೋ, ಹೆಣ್ಣಿನ ಕಡೆಯೋರು ನಾವೇ ಮುಂದಾಗಿ ಹೋದ್ರೆ...”

“ಹೋದ್ರೆ?” ಎಂದು ಕೇಳಿದರು ಅಪ್ಪ, ಬಾಗಿಲಲ್ಲಿ ನಿಂತು.

ಅವ್ವ ಅಜ್ಜಿಯ ಮುಖ ನೋಡಿದಳು. ಅಜ್ಜಿ ಎಲೆ ಮಡಚುವುದನ್ನು ನಿಲ್ಲಿಸಿ ಸೂರು ನೋಡಿದಳು. ಇಬ್ಬರಿಗೂ ಎಷ್ಟು ತಡಕಿದರೂ ಆ ಮಾತಿನ ಇನ್ನೊಂದು ತುದಿ ಸಿಗಲಿಲ್ಲ. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಬಸ್‌ ಸ್ಟ್ಯಾಂಡಿನ ಕಡೆ ಹೊರಟರು.